ಹಿಂಜರಿತದ ಕಾಲದಲ್ಲಿ ಮೋಟಾರ್ ಸೈಕಲ್ ಉದ್ಯಮ: ಬಿಡಿಭಾಗ ತಯಾರಕರ ದೃಷ್ಟಿಯಿಂದ ಒಂದು ಅವಲೋಕನ

ಆರ್ಥಿಕ ಹಿಂಜರಿತವು ಎಲ್ಲ ಉದ್ಯಮಗಳನ್ನೂ ಒಂದೇ ಪ್ರಮಾಣದಲ್ಲಿ ಬಾಧಿಸುವುದಿಲ್ಲವೆಂಬುದು ವ್ಯಾಪಾರಸ್ಥರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಆದರೆ ಒಂದೇ ವಸ್ತುವನ್ನು ತಯಾರಿಸುವ ಎರಡು ಕಂಪನಿಗಳ ಪೈಕಿ ಒಂದು ನಷ್ಟಕ್ಕೆ ಜಾರುತ್ತಿರುವಾಗ ಮತ್ತೊಂದು ಹಿಂದೆಂದೂ ಕಾಣದಷ್ಟು ಮಾರಾಟ ಮಾಡಿದ ನಿದರ್ಶನಗಳು ವಿರಳ. 2009ನೇ ಇಸವಿ ಅಂಥದೊಂದು ನಿದರ್ಶನವನ್ನು ಒದಗಿಸಿತು. ಆ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ಹಾರ್ಲೆ-ಡೇವಿಡ್‌ಸನ್ ಕಂಪನಿಯು ಶೇ. 15ರ ಬಡ್ಡಿಗೆ 60 ಕೋಟಿ ಡಾಲರ್ ಸಾಲ ಎತ್ತಿತು. ಅದೇ ಮಾರ್ಚ್ ಅಂತ್ಯಕ್ಕೆ ಕೊನೆಗೊಂಡ ಲೆಕ್ಕಪತ್ರ ವರ್ಷದಲ್ಲಿ ನಮ್ಮ ಹೀರೋ ಹೋಂಡಾ ಕಂಪನಿಯು 37 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಮಾರಿತು. ಹಿಂದಿನ ವರ್ಷ ಅದು ಮಾರಿದ್ದುದು 33 ಲಕ್ಷದಷ್ಟು. ಒಂದೇ ಜಗತ್ತು, ಒಂದೇ ಬಿಕ್ಕಟ್ಟು, ಎರಡೂ ಕಡೆ ಎರಡು ಚಕ್ರದ ಗಾಡಿಯೇ. ಈ ವ್ಯತ್ಯಾಸಕ್ಕೆ ಕಾರಣವೇನೆಂದು ವಿಚಾರಿಸುವುದು ಬಿಡಿಭಾಗ ತಯಾರಿಸುವ ಮತ್ತು ಮಾರುವ ನಮ್ಮ ಸದಸ್ಯರಿಗೆ ಉಪಯುಕ್ತವಾದೀತು.

ಸಾಲ ನಿಂತರೆ ಗಾಡಿ ನಿಲ್ಲುತ್ತದೆ

ಅಮೆರಿಕದಲ್ಲಿ ಮೋಟಾರ್ ಸೈಕಲ್ ದುಡಿಮೆಯ ವಾಹನವಲ್ಲ. ಮನೆಯಲ್ಲಿ ಕಾರು ಇದ್ದವನು ವಿರಾಮಕ್ಕಾಗಿ ಕೊಳ್ಳುವ ವಸ್ತು. ಅಂಥ ಖರೀದಿಯನ್ನು ಇನ್ನೆರಡು ವರ್ಷ ಮುಂದೂಡಿದರೆ ಯಾರ ಕೆಲಸವೂ ಕೆಡುವುದಿಲ್ಲ. 2009ರಲ್ಲಿ ಅಮೆರಿಕದ ಹೊಸ ಮೋಟಾರ್ ಸೈಕಲ್ ಮಾರಾಟವು ಸುಮಾರು ಶೇ. 40ರಷ್ಟು ಕುಸಿಯಲು ಇದು ಮೊದಲ ಕಾರಣ. ಹಾರ್ಲೆ ಕಂಪನಿ 2006ರಲ್ಲಿ 3,49,196 ವಾಹನಗಳನ್ನು ಡೀಲರುಗಳಿಗೆ ರವಾನಿಸಿತ್ತು; 2009ರಲ್ಲಿ ಆ ಸಂಖ್ಯೆ 2,23,023ಕ್ಕೆ ಇಳಿಯಿತು. ಮೂರು ವರ್ಷಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನ ಇಳಿಕೆ.

ಆದರೆ ಬೇಡಿಕೆ ಕುಸಿತವಷ್ಟೇ ಆ ಕಂಪನಿಯನ್ನು ಶೇ. 15ರ ಬಡ್ಡಿಯವರೆಗೆ ತಳ್ಳಲಿಲ್ಲ. ಹಾರ್ಲೆಗೆ ತನ್ನದೇ ಆದ ಹಣಕಾಸು ಅಂಗಸಂಸ್ಥೆಯೊಂದಿದೆ. ಗ್ರಾಹಕನಿಗೆ ಗಾಡಿ ಕೊಳ್ಳಲು ಸಾಲ, ಡೀಲರನಿಗೆ ದಾಸ್ತಾನು ಇಡಲು ಸಾಲ, ಎರಡನ್ನೂ ಅದೇ ಕೊಡುತ್ತದೆ. ಹೀಗೆ ಕೊಟ್ಟ ಸಾಲಗಳನ್ನು ಒಟ್ಟುಗೂಡಿಸಿ, ಸಾಲಪತ್ರಗಳನ್ನಾಗಿ ಮಾಡಿ, ಬಂಡವಾಳ ಪೇಟೆಯಲ್ಲಿ ಮಾರಿ, ಬಂದ ಹಣದಿಂದ ಮತ್ತೆ ಸಾಲ ಕೊಡುವ ಪದ್ಧತಿಯನ್ನು ಅದು ಅನುಸರಿಸುತ್ತಿತ್ತು. 2008ರ ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಮುಳುಗಿದ ನಂತರ ಅಂಥ ಪತ್ರಗಳನ್ನು ಕೊಳ್ಳುವವರೇ ಇಲ್ಲವಾದರು. ಸಾಲ ಕೊಡಲು ಹಣವಿಲ್ಲದಿದ್ದರೆ ಕೊಳ್ಳುವ ಮನಸ್ಸಿದ್ದ ಗ್ರಾಹಕನೂ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಆದುದರಿಂದಲೇ ಕಂಪನಿಯು ವಾರೆನ್ ಬಫೆಟ್ ಅವರ ಬರ್ಕ್‌ಶೈರ್ ಹ್ಯಾಥವೇ ಸಂಸ್ಥೆಯಿಂದ 30 ಕೋಟಿ, ಮತ್ತೊಂದು ಹೂಡಿಕೆ ಸಂಸ್ಥೆಯಿಂದ 30 ಕೋಟಿ ಡಾಲರ್‌ಗಳನ್ನು ದುಬಾರಿ ದರಕ್ಕೆ ತರಬೇಕಾಯಿತು. 2009ನೇ ವರ್ಷ ಐದೂವರೆ ಕೋಟಿ ಡಾಲರ್‌ಗಳ ನಿವ್ವಳ ನಷ್ಟದೊಂದಿಗೆ ಮುಗಿಯಿತು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಬಿಕ್ಕಟ್ಟು ಬಾಗಿಲಿಗೆ ಬಂದಿದ್ದ 2008ರ ಆಗಸ್ಟಿನಲ್ಲಿಯೇ ಹಾರ್ಲೆ ಇಟಲಿಯ ಎಂ.ವಿ. ಅಗುಸ್ತಾ ಕಂಪನಿಯನ್ನು ಕೊಂಡಿತು. ಎರಡೇ ವರ್ಷದಲ್ಲಿ ಅದನ್ನು ಹಿಂದಿನ ಮಾಲೀಕರಿಗೇ ಬಿಟ್ಟುಕೊಟ್ಟಿತು. 2009ರ ಅಕ್ಟೋಬರಿನಲ್ಲಿ ಬ್ಯೂಯೆಲ್ ಎಂಬ ತನ್ನ ಇನ್ನೊಂದು ಬ್ರಾಂಡನ್ನು ಮುಚ್ಚಿತು. ಮೂಲ ವ್ಯಾಪಾರಕ್ಕೆ ಹಣ ಸಾಲದಿರುವಾಗ ಪಕ್ಕದ ವ್ಯಾಪಾರಗಳೇ ಮೊದಲು ಹೋಗುತ್ತವೆ ಎಂಬುದನ್ನು ನಮ್ಮ ಪೇಟೆ ಬೀದಿಯ ಅಂಗಡಿಕಾರರೂ ಬಲ್ಲರು.

ಇದೇ ಕಂಪನಿ 1930ರ ದಶಕದ ಮಹಾ ಕುಸಿತವನ್ನೂ ದಾಟಿ ಬಂದಿತ್ತು ಎಂಬುದನ್ನು ನೆನೆಯಬಹುದು. 1933ರಲ್ಲಿ ಅದರ ಮಾರಾಟ 4 ಸಾವಿರಕ್ಕಿಂತ ಕೆಳಗೆ ಇಳಿದಿತ್ತು. ಪ್ರತಿಸ್ಪರ್ಧಿಯಾದ ಎಕ್ಸೆಲ್ಸಿಯರ್ 1931ರಲ್ಲಿಯೇ ಬಾಗಿಲು ಹಾಕಿತ್ತು. ಆ ಕಾಲದಲ್ಲಿ ಹಾರ್ಲೆ 1932ರಲ್ಲಿ ಹೊರತಂದ ಮೂರು ಚಕ್ರದ ಸರ್ವಿ-ಕಾರ್ ಗ್ಯಾರೇಜುಗಳಿಗೆ, ಪೊಲೀಸರಿಗೆ, ಅಂಗಡಿಗಳ ಸಾಮಾನು ಸಾಗಣೆಗೆ ಉಪಯೋಗವಾಯಿತು. ಮೋಜಿಗೆ ಕೊಳ್ಳುವವನು ಇಲ್ಲವಾದಾಗ ಕೆಲಸಕ್ಕೆ ಕೊಳ್ಳುವವನನ್ನು ಹುಡುಕಿಕೊಂಡು ಹೋದುದು ಅಂದಿನ ವಿವೇಕ. 2009ರಲ್ಲಿ ಅಂಥ ದಾರಿ ಅದಕ್ಕೆ ಉಳಿದಿರಲಿಲ್ಲ.

ನಮ್ಮಲ್ಲಿ ಆದದ್ದು

ಭಾರತದಲ್ಲಿ 2008-09ನೇ ಸಾಲನ್ನು ದ್ವಿಚಕ್ರ ವಾಹನೋದ್ಯಮದ ಸಂಕಷ್ಟದ ವರ್ಷವೆಂದು ಹೇಳುವ ವಾಡಿಕೆಯಿದೆ. ಅಂಕಿಅಂಶಗಳು ಬೇರೆಯೇ ಹೇಳುತ್ತವೆ. ದೇಶದೊಳಗಿನ ಮಾರಾಟ 2006-07ರಲ್ಲಿ 78.7 ಲಕ್ಷ, 2007-08ರಲ್ಲಿ 72.5 ಲಕ್ಷ, 2008-09ರಲ್ಲಿ 74.4 ಲಕ್ಷ, 2009-10ರಲ್ಲಿ 93.7 ಲಕ್ಷ. ಅಂದರೆ ನಮ್ಮ ಕುಸಿತವು ಲೇಮನ್ ಬ್ರದರ್ಸ್ ಮುಳುಗುವುದಕ್ಕೆ ಮುಂಚೆಯೇ ಬಂದಿತ್ತು. ಜಗತ್ತೆಲ್ಲ ಕುಸಿಯುತ್ತಿದ್ದ ವರ್ಷದಲ್ಲಿ ನಾವು ಅಲ್ಪಸ್ವಲ್ಪವಾದರೂ ಏರಿದ್ದೆವು.

ಮೊದಲಿನ ಇಳಿಕೆಗೆ ಕಾರಣ ಬಡ್ಡಿ. ರಿಸರ್ವ್ ಬ್ಯಾಂಕಿನ ರೆಪೋ ದರ 2007ರ ಮಾರ್ಚ್ ವೇಳೆಗೆ ಶೇ. 7.75 ತಲುಪಿ, 2008ರ ಮಧ್ಯಭಾಗದಲ್ಲಿ ಶೇ. 9ಕ್ಕೆ ಏರಿತು. ಸಣ್ಣ ಮೊತ್ತದ ವಾಹನ ಸಾಲದಲ್ಲಿ ಮರುಪಾವತಿಯ ತೊಂದರೆ ಹೆಚ್ಚಿದುದರಿಂದ ಕೆಲವು ದೊಡ್ಡ ಖಾಸಗಿ ಬ್ಯಾಂಕುಗಳು ಈ ವ್ಯವಹಾರದಿಂದಲೇ ಹಿಂದೆ ಸರಿದವು. ಕಂತಿನ ಮೇಲೆ ಗಾಡಿ ಕೊಳ್ಳುತ್ತಿದ್ದ ನಗರದ ಯುವಕನಿಗೆ ಇದರಿಂದ ಹೊಡೆತ ಬಿತ್ತು. ಅವನನ್ನೇ ಹೆಚ್ಚಾಗಿ ನೆಚ್ಚಿಕೊಂಡಿದ್ದ ಕಂಪನಿಗಳಿಗೂ ಬಿತ್ತು. ಬಜಾಜ್ ಆಟೋದ ಮೋಟಾರ್ ಸೈಕಲ್ ಮಾರಾಟ 2008-09ರಲ್ಲಿ ಸುಮಾರು ಶೇ. 10ರಷ್ಟು ಇಳಿಯಿತು. ಹೀರೋ ಹೋಂಡಾದ ಗ್ರಾಹಕರಲ್ಲಿ ನಗದು ಕೊಟ್ಟು ಕೊಳ್ಳುವ ಗ್ರಾಮೀಣರ ಪಾಲು ದೊಡ್ಡದಿತ್ತು. 2008ರ ಕೃಷಿ ಸಾಲ ಮನ್ನಾ, ಏರಿದ ಬೆಂಬಲ ಬೆಲೆ, ಅದೇ ಏಪ್ರಿಲ್‌ನಿಂದ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿದ ಉದ್ಯೋಗ ಖಾತರಿ ಯೋಜನೆ, ಆರನೆಯ ವೇತನ ಆಯೋಗದ ಬಾಕಿ ಹಣ, ಇವೆಲ್ಲವೂ ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಕೈಗೆ ಹಣ ತಂದವು. ನ್ಯೂಯಾರ್ಕಿನ ಬ್ಯಾಂಕು ಮುಳುಗಿದರೆ ಹಾವೇರಿಯ ಮೆಣಸಿನಕಾಯಿ ಬೆಳೆಗಾರನ ಖರೀದಿ ನಿಲ್ಲಬೇಕಾಗಿರಲಿಲ್ಲ. ಅವನು ಬ್ಯಾಂಕಿನಿಂದ ಸಾಲವನ್ನೇ ಕೇಳಿರಲಿಲ್ಲ.

ಸರ್ಕಾರದ ಕ್ರಮಗಳೂ ಸಕಾಲಕ್ಕೆ ಬಂದವು. 2008ರ ಮುಂಗಡ ಪತ್ರದಲ್ಲಿ ದ್ವಿಚಕ್ರ ವಾಹನಗಳ ಮೇಲಿನ ಅಬಕಾರಿ ಸುಂಕವನ್ನು ಶೇ. 16ರಿಂದ 12ಕ್ಕೆ ಇಳಿಸಲಾಗಿತ್ತು. ಡಿಸೆಂಬರ್ ತಿಂಗಳ ಉತ್ತೇಜನ ಕ್ರಮದಲ್ಲಿ ಅದು ಶೇ. 8ಕ್ಕೆ ಬಂದಿತು. ರೆಪೋ ದರವನ್ನು ಅಕ್ಟೋಬರಿನಿಂದ ಆರಂಭಿಸಿ 2009ರ ಏಪ್ರಿಲ್ ಒಳಗೆ ಶೇ. 4.75ಕ್ಕೆ ತರಲಾಯಿತು. 2009-10ರ ಜಿಗಿತಕ್ಕೆ ಇವೆಲ್ಲ ಸೇರಿ ಕಾರಣವಾದವು.

ಶೇ. 10ರ ಇಳಿಕೆ ಶೇ. 70 ಆಗುವ ಬಗೆ

ಇಷ್ಟು ಸುಸ್ಥಿತಿಯಿದ್ದರೆ 2008ರ ಕೊನೆಯ ತಿಂಗಳುಗಳಲ್ಲಿ ಸಣ್ಣ ಘಟಕಗಳ ಯಂತ್ರಗಳೇಕೆ ನಿಂತವು ಎಂದು ಓದುಗರು ಕೇಳಬಹುದು. ವಾರ್ಷಿಕ ಅಂಕಿಅಂಶಗಳಲ್ಲಿ ಕಾಣದ ಈ ಸಂಗತಿಯೇ ಬಿಡಿಭಾಗ ತಯಾರಕರಿಗೆ ಅತಿ ಮುಖ್ಯವಾದುದು. ಉತ್ತರವಿರುವುದು ದಾಸ್ತಾನಿನಲ್ಲಿ.

ಒಂದು ಊಹಾತ್ಮಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಮಾದರಿಯ ಗಾಡಿ ತಿಂಗಳಿಗೆ 1,000 ಮಾರಾಟವಾಗುತ್ತಿದೆ. ಡೀಲರುಗಳ ಬಳಿ ಒಂದೂವರೆ ತಿಂಗಳ ದಾಸ್ತಾನು, ಅಂದರೆ 1,500 ಗಾಡಿಗಳಿವೆ. ಮಾರಾಟ ಶೇ. 10ರಷ್ಟು ಇಳಿದು 900ಕ್ಕೆ ಬಂದಿತು. ಇದರಿಂದ ಗಾಬರಿಗೊಂಡ ಕಂಪನಿ, ಅಥವಾ ಬಡ್ಡಿ ಹೊರೆ ತಾಳಲಾರದ ಡೀಲರು, ದಾಸ್ತಾನನ್ನು ಒಂದೇ ತಿಂಗಳ ಮಟ್ಟಕ್ಕೆ, ಅಂದರೆ 900ಕ್ಕೆ ಇಳಿಸಲು ನಿರ್ಧರಿಸಿದರೆಂದು ಇಟ್ಟುಕೊಳ್ಳಿ. ಮಾರಬೇಕಾದ 900ರಲ್ಲಿ 600 ಹಳೆಯ ದಾಸ್ತಾನಿನಿಂದಲೇ ಹೋಗುತ್ತವೆ. ಕಾರ್ಖಾನೆ ಹೊಸದಾಗಿ ತಯಾರಿಸಬೇಕಾದುದು 300 ಮಾತ್ರ. ಗ್ರಾಹಕನ ಬಳಿ ಶೇ. 10ರಷ್ಟಿದ್ದ ಇಳಿಕೆ ಕಾರ್ಖಾನೆಯ ಬಾಗಿಲಿಗೆ ಬರುವಷ್ಟರಲ್ಲಿ ಶೇ. 70 ಆಯಿತು. ಕಾರ್ಖಾನೆಯೂ, ಅದಕ್ಕೆ ಜೋಡಣೆಗಳನ್ನು ಪೂರೈಸುವ ಮೊದಲ ಹಂತದ ಪೂರೈಕೆದಾರನೂ ತಂತಮ್ಮ ಉಗ್ರಾಣಗಳನ್ನು ಇದೇ ರೀತಿ ಇಳಿಸಿದರೆ ಪೀಣ್ಯದ ಒಂದು ಶೆಡ್ಡಿನಲ್ಲಿ ಎರಡು ಸಿ.ಎನ್.ಸಿ. ಯಂತ್ರವಿಟ್ಟುಕೊಂಡು ಬುಷ್, ಪಿನ್ ತಿರುಗಿಸುವವನಿಗೆ ಆ ತಿಂಗಳು ಶೆಡ್ಯೂಲೇ ಬಾರದೆ ಹೋಗಬಹುದು.

ಇದರ ಮತ್ತೊಂದು ಮುಖವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮಾರಾಟ ಮತ್ತೆ 1,000ಕ್ಕೆ ಬಂದು, ಡೀಲರು ತನ್ನ ದಾಸ್ತಾನನ್ನು ಪುನಃ 1,500ಕ್ಕೆ ತುಂಬಿಕೊಳ್ಳಲು ಹೊರಟರೆ ಆ ತಿಂಗಳ ಬೇಡಿಕೆ 1,600. ಕಳೆದ ತಿಂಗಳು ಕಾರ್ಮಿಕರನ್ನು ಮನೆಗೆ ಕಳುಹಿಸಿದ ಘಟಕದಲ್ಲಿ ಈ ತಿಂಗಳು ಮೂರು ಪಾಳಿ. ಆದುದರಿಂದ ಶೆಡ್ಯೂಲ್ ನಿಂತಾಗ ಮೊದಲು ವಿಚಾರಿಸಬೇಕಾದುದು ಗಾಡಿ ಕಂಪನಿ ಎಷ್ಟು ರವಾನಿಸಿತು ಎಂಬುದನ್ನಲ್ಲ, ಆರ್.ಟಿ.ಓ. ನೋಂದಣಿ ಎಷ್ಟಾಗಿದೆ ಎಂಬುದನ್ನು. ತಯಾರಕರ ಸಂಘದ ಅಂಕಿಗಳು ಡೀಲರಿಗೆ ರವಾನೆಯಾದ ಲೆಕ್ಕ ಹೇಳುತ್ತವೆ. ನೋಂದಣಿಯ ಅಂಕಿಗಳು ಗ್ರಾಹಕ ಕೊಂಡುದನ್ನು. ನೋಂದಣಿ ಸ್ಥಿರವಾಗಿದ್ದು ರವಾನೆ ಮಾತ್ರ ಕುಸಿದಿದ್ದರೆ ಅದು ದಾಸ್ತಾನು ಕರಗುವ ಕಾಲ. ಕೆಲವೇ ತಿಂಗಳಲ್ಲಿ ತಿರುಗುತ್ತದೆ. ಎರಡೂ ಕುಸಿದಿದ್ದರೆ ನುರಿತ ಕೆಲಸಗಾರನನ್ನು ಉಳಿಸಿಕೊಳ್ಳುವ ಖರ್ಚನ್ನು ಬೇರೆ ರೀತಿ ಯೋಚಿಸಬೇಕಾಗುತ್ತದೆ.

ಚೇತರಿಕೆಯಲ್ಲಿ ಕಾದಿರುವ ಅಪಾಯ

ಸಣ್ಣ ಘಟಕಗಳು ಮಂದಗತಿಯಲ್ಲಿ ಮುಳುಗುತ್ತವೆಂಬ ನಂಬಿಕೆಯಿದೆ. ಲೆಕ್ಕ ಹಾಕಿ ನೋಡಿದರೆ ಹೆಚ್ಚಿನ ಅಪಾಯವಿರುವುದು ಚೇತರಿಕೆಯ ಆರಂಭದಲ್ಲಿ.

ತಿಂಗಳಿಗೆ 20 ಲಕ್ಷ ರೂಪಾಯಿ ಬಿಲ್ಲು ಮಾಡುವ ಘಟಕವೊಂದನ್ನು ಕಲ್ಪಿಸಿಕೊಳ್ಳಿ. ಬಿಲ್ಲಿನ ಅರ್ಧ ಕಚ್ಚಾ ಸಾಮಗ್ರಿಗೆ, ಕೂಲಿ, ಬಾಡಿಗೆ, ವಿದ್ಯುತ್ ಇತ್ಯಾದಿಗೆ 6 ಲಕ್ಷ. ಬಿಲ್ಲಿನ ಹಣ ಬರುವುದು 90 ದಿನಗಳಿಗೆ. ಸಾಮಗ್ರಿಗೆ ಮಾತ್ರ ನಗದು ತೆರಬೇಕು. ಒಂದು ತ್ರೈಮಾಸಿಕದಲ್ಲಿ ಶೆಡ್ಯೂಲ್ ತಿಂಗಳಿಗೆ 8 ಲಕ್ಷಕ್ಕೆ ಇಳಿಯಿತೆನ್ನಿ. ಆ ಮೂರು ತಿಂಗಳೂ ಹಳೆಯ ಬಿಲ್ಲುಗಳ 20 ಲಕ್ಷ ತಪ್ಪದೆ ಬರುತ್ತಿರುತ್ತದೆ. ಖರ್ಚು ಸಾಮಗ್ರಿಗೆ 4, ಇತರೆಗೆ 6, ಒಟ್ಟು 10 ಲಕ್ಷ ಮಾತ್ರ. ತಿಂಗಳಿಗೆ 10 ಲಕ್ಷದಂತೆ 30 ಲಕ್ಷ ಖಾತೆಯಲ್ಲಿ ಉಳಿಯುತ್ತದೆ. ವಾಸ್ತವದಲ್ಲಿ ಘಟಕ ತಿಂಗಳಿಗೆ 2 ಲಕ್ಷ ನಷ್ಟ ಅನುಭವಿಸುತ್ತಿದ್ದರೂ ಕೈಯಲ್ಲಿ ಹಣ ಓಡಾಡುತ್ತಿರುತ್ತದೆ. ಮಾಲೀಕನು ಆ ಹಣದಲ್ಲಿ ಯಂತ್ರದ ಸಾಲ ತೀರಿಸುತ್ತಾನೆ, ಅಥವಾ ಮಗಳ ಮದುವೆ ಮಾಡುತ್ತಾನೆ, ಅಥವಾ ನಿವೇಶನವೊಂದಕ್ಕೆ ಮುಂಗಡ ಕೊಡುತ್ತಾನೆ.

ನಾಲ್ಕನೆಯ ತಿಂಗಳು ಶೆಡ್ಯೂಲ್ ಒಮ್ಮೆಗೇ 24 ಲಕ್ಷಕ್ಕೆ ಏರುತ್ತದೆ. ಸಾಮಗ್ರಿಗೆ 12, ಇತರೆ ಖರ್ಚಿಗೆ 6, ಒಟ್ಟು 18 ಲಕ್ಷ ಬೇಕು. ಬರುವುದು ಮಂದಗತಿಯ ಬಿಲ್ಲುಗಳ 8 ಲಕ್ಷ. ತಿಂಗಳಿಗೆ 10 ಲಕ್ಷ ಕೊರತೆ, ಮೂರು ತಿಂಗಳಿಗೆ 30 ಲಕ್ಷ. ಮೊದಲು ಉಳಿದಂತೆ ಕಂಡ 30 ಲಕ್ಷ ಲಾಭವಾಗಿರಲಿಲ್ಲ. ಹಿಂದಿರುಗಿ ಬಂದ ದುಡಿಯುವ ಬಂಡವಾಳವಾಗಿತ್ತು. ಇಲ್ಲಿ ಬ್ಯಾಂಕಿಗೆ ಹೋದರೆ ಮತ್ತೊಂದು ತೊಡಕು. ಸಿ.ಸಿ. ಖಾತೆಯ ಡ್ರಾಯಿಂಗ್ ಪವರ್ ನಿಗದಿಯಾಗುವುದು ಹಿಂದಿನ ಸ್ಟಾಕ್ ಸ್ಟೇಟ್‌ಮೆಂಟಿನ ಮೇಲೆ. ಮೂರು ತಿಂಗಳ ಮಂದಗತಿಯಲ್ಲಿ ದಾಸ್ತಾನೂ ಬರಬೇಕಾದ ಬಾಕಿಯೂ ಕರಗಿರುವುದರಿಂದ ಡ್ರಾಯಿಂಗ್ ಪವರ್ ಸಹ ಕರಗಿರುತ್ತದೆ. ಹಣ ಬೇಡದಿದ್ದಾಗ ಮಿತಿ ಇರುತ್ತದೆ, ಬೇಕಾದಾಗ ಇರುವುದಿಲ್ಲ. ಕಬ್ಬಿಣದ ವ್ಯಾಪಾರಿ ನಗದಿಲ್ಲದೆ ಸರಳು ಕೊಡುವುದಿಲ್ಲ. ಶೆಡ್ಯೂಲ್ ತಪ್ಪಿದರೆ ಕಂಪನಿ ಬೇರೊಬ್ಬ ಪೂರೈಕೆದಾರನನ್ನು ನೋಡಿಕೊಳ್ಳುತ್ತದೆ. ಮಂದಗತಿಯ ಮೊದಲ ತ್ರೈಮಾಸಿಕದಲ್ಲಿ ಬರುವ ಹಣವನ್ನು ಮುಟ್ಟದೆ ಇರಿಸಿಕೊಳ್ಳುವುದು, ಮತ್ತು ಶೆಡ್ಯೂಲ್ ಏರುವ ಮುನ್ನವೇ ತಾತ್ಕಾಲಿಕ ಹೆಚ್ಚುವರಿ ಮಿತಿಗೆ ಅರ್ಜಿ ಹಾಕುವುದು, ಈ ಎರಡರಿಂದಲೇ ಎಷ್ಟೋ ಘಟಕಗಳು ಉಳಿಯಬಲ್ಲವು.

2018ರ ನಂತರದ ಕುಸಿತ

ಮುಂದಿನ ದೊಡ್ಡ ಕುಸಿತದ ಸ್ವರೂಪವೇ ಬೇರೆ. 2018-19ರಲ್ಲಿ 2.12 ಕೋಟಿ ಮುಟ್ಟಿದ್ದ ದೇಶೀಯ ಮಾರಾಟ ಮುಂದಿನ ಮೂರು ವರ್ಷಗಳಲ್ಲಿ ಕ್ರಮವಾಗಿ 1.74, 1.51 ಮತ್ತು 1.35 ಕೋಟಿಗೆ ಇಳಿಯಿತು. 2021-22ರ ಅಂಕಿ ಹತ್ತು ವರ್ಷ ಹಿಂದಿನ ಮಟ್ಟ. ಇದನ್ನು ಕೊರೋನಾ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ಸುಲಭ. ಆದರೆ ಇಳಿಕೆ ಆರಂಭವಾದುದು ಅದಕ್ಕೂ ಮೊದಲು. 2018ರ ಸೆಪ್ಟೆಂಬರಿನಲ್ಲಿ ಐ.ಎಲ್. ಅಂಡ್ ಎಫ್.ಎಸ್. ಸಂಸ್ಥೆ ಸಾಲ ತೀರಿಸಲಾಗದೆ ಕುಸಿದು, ವಾಹನ ಸಾಲ ಕೊಡುತ್ತಿದ್ದ ಬ್ಯಾಂಕೇತರ ಸಂಸ್ಥೆಗಳ ಹಣದ ಮೂಲ ಬತ್ತಿತು. ಅದೇ ತಿಂಗಳ ಮೊದಲ ದಿನದಿಂದ ಸರ್ವೋಚ್ಚ ನ್ಯಾಯಾಲಯದ ಆದೇಶದನ್ವಯ ಹೊಸ ಗಾಡಿಗೆ ಐದು ವರ್ಷಗಳ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಗೇ ಕಟ್ಟಬೇಕಾಯಿತು. 75ರಿಂದ 150 ಸಿ.ಸಿ. ಗಾಡಿಗೆ 720 ರೂಪಾಯಿ ಕಟ್ಟುತ್ತಿದ್ದವನು 3,285 ರೂಪಾಯಿ ಕಟ್ಟಬೇಕಾದುದು ಷೋರೂಮಿನಲ್ಲಿ ಕೈಯಿಂದ ಕೊಡುವ ಮೊತ್ತವನ್ನು ಹೆಚ್ಚಿಸಿತು. 2019ರ ಏಪ್ರಿಲ್‌ನಿಂದ ಸುಧಾರಿತ ಬ್ರೇಕ್ ವ್ಯವಸ್ಥೆ ಕಡ್ಡಾಯ. 2020ರ ಏಪ್ರಿಲ್‌ನಿಂದ ಬಿ.ಎಸ್.-6 ಮಾನದಂಡ. ಕಾರ್ಬುರೇಟರ್ ಹೋಗಿ ಇಂಧನ ಇಂಜೆಕ್ಷನ್ ಬಂದು ಸಾಧಾರಣ ಗಾಡಿಯ ಬೆಲೆಯೂ ಹಲವು ಸಾವಿರ ಏರಿತು. ಪ್ರತಿಯೊಂದು ಕ್ರಮಕ್ಕೂ ಸಮರ್ಥನೆ ಇದ್ದೀತು. ಆದರೆ ಎಲ್ಲವೂ ಹತ್ತೊಂಬತ್ತು ತಿಂಗಳೊಳಗೆ ಬಂದವು, ಮತ್ತು 2008ರಲ್ಲಿ ಆದಂತೆ ತೆರಿಗೆ ಇಳಿಯಲಿಲ್ಲ. 2017ರ ಜುಲೈನಿಂದ ಇದ್ದ ಶೇ. 28ರ ಜಿ.ಎಸ್.ಟಿ. 350 ಸಿ.ಸಿ.ವರೆಗಿನ ಗಾಡಿಗಳಿಗೆ ಶೇ. 18ಕ್ಕೆ ಇಳಿದುದು 2025ರ ಸೆಪ್ಟೆಂಬರ್ 22ರಂದು. ಅಗ್ಗದ ಗಾಡಿ ಕೊಳ್ಳುವ ಹಳ್ಳಿಯ ಗ್ರಾಹಕನೇ, 2009ರಲ್ಲಿ ಉದ್ಯಮವನ್ನು ಎತ್ತಿ ಹಿಡಿದವನು, ಈ ಬಾರಿ ಹಿಂದೆ ಸರಿದ.

ಡೀಲರುಗಳಿಗಂತೂ ಮಾನದಂಡ ಬದಲಾವಣೆಯ ಕಹಿ ಅನುಭವ ಮೊದಲೇ ಆಗಿತ್ತು. 2017ರ ಮಾರ್ಚ್ 29ರಂದು ಸರ್ವೋಚ್ಚ ನ್ಯಾಯಾಲಯವು ಏಪ್ರಿಲ್ 1ರಿಂದ ಬಿ.ಎಸ್.-3 ವಾಹನಗಳ ಮಾರಾಟವನ್ನು ನಿಷೇಧಿಸಿದಾಗ ದೇಶದಲ್ಲಿ ಅಂಥ 8.24 ಲಕ್ಷ ವಾಹನಗಳಿದ್ದವು, ಅವುಗಳಲ್ಲಿ 6.71 ಲಕ್ಷ ದ್ವಿಚಕ್ರ ವಾಹನಗಳು. ಉಳಿದಿದ್ದ ಎರಡು ದಿನಗಳಲ್ಲಿ ಗಾಡಿಯೊಂದಕ್ಕೆ 22 ಸಾವಿರ ರೂಪಾಯಿವರೆಗೂ ರಿಯಾಯಿತಿ ಘೋಷಿಸಲಾಯಿತು.

ಇಲ್ಲೊಂದು ವಿವೇಚನೆ ಅಗತ್ಯ. ಬೇಡಿಕೆ ಕುಸಿದರೆ ಮತ್ತೆ ಬರುತ್ತದೆ. 2024-25ರಲ್ಲಿ ಮಾರಾಟ 1.96 ಕೋಟಿಗೆ ಮರಳಿತು. ಆದರೆ ಕಾರ್ಬುರೇಟರಿನ ಬೇಡಿಕೆ ಮರಳಲಿಲ್ಲ. ಮೈಸೂರಿನಲ್ಲಿ ಜಾವಾ, ಯೆಜ್ದಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದುದಕ್ಕೆ ಕಾರಣಗಳು ಹಲವು. ಆದರೆ 1985ರಲ್ಲಿ ಬಂದ ನಾಲ್ಕು ಸ್ಟ್ರೋಕಿನ, ಹೆಚ್ಚು ಮೈಲೇಜಿನ ಹೀರೋ ಹೋಂಡಾ ಸಿ.ಡಿ. 100 ಗ್ರಾಹಕನ ಲೆಕ್ಕಾಚಾರವನ್ನೇ ಬದಲಿಸಿದ್ದಿತು. ಇಂದು ವಿದ್ಯುತ್ ದ್ವಿಚಕ್ರ ವಾಹನಗಳು, ಬಹುಪಾಲು ಸ್ಕೂಟರುಗಳು, 2024-25ರಲ್ಲಿ 11 ಲಕ್ಷಕ್ಕೂ ಹೆಚ್ಚು ಮಾರಾಟವಾಗಿವೆ. ಪಿಸ್ಟನ್ ಪಿನ್, ವಾಲ್ವ್ ಗೈಡ್, ಕ್ಲಚ್ ಭಾಗಗಳಿಗೆ ಅವುಗಳಲ್ಲಿ ಜಾಗವಿಲ್ಲ. ಬ್ರೇಕ್, ಸಸ್ಪೆನ್ಷನ್, ಚೌಕಟ್ಟು, ಬೇರಿಂಗ್ ಹೌಸಿಂಗ್‌ಗಳಿಗೆ ಇದೆ. ತನ್ನ ಬಿಲ್ಲುಗಳಲ್ಲಿ ಎಷ್ಟು ಪಾಲು ಮೊದಲ ಗುಂಪಿಗೆ ಸೇರಿದ್ದೆಂದು ಪ್ರತಿಯೊಬ್ಬ ತಯಾರಕನೂ ಒಮ್ಮೆ ಬರೆದು ನೋಡುವುದು ಒಳ್ಳೆಯದು.

ಮಂದಗತಿಯಲ್ಲಿ ತಕ್ಕಮಟ್ಟಿಗೆ ಆಸರೆಯಾಗುವುದು ಬಿಡಿಭಾಗದ ಮಳಿಗೆ. ಹೊಸ ಗಾಡಿ ಕೊಳ್ಳಲಾಗದವನು ಹಳೆಯದನ್ನೇ ಇನ್ನೆರಡು ವರ್ಷ ಓಡಿಸುತ್ತಾನೆ. ಚೈನ್, ಸ್ಪ್ರಾಕೆಟ್, ಬ್ರೇಕ್ ಷೂ, ಕ್ಲಚ್ ಪ್ಲೇಟ್, ಕೇಬಲ್ ಸವೆಯದೆ ಇರುವುದಿಲ್ಲ. ಕಂಪನಿಯ ಶೆಡ್ಯೂಲನ್ನೇ ನೆಚ್ಚದೆ ಜೆ.ಸಿ. ರಸ್ತೆಯ ಸಗಟು ಮಾರಾಟಗಾರರೊಡನೆ ಸಣ್ಣ ಪ್ರಮಾಣದ ವ್ಯವಹಾರವನ್ನಾದರೂ ಇಟ್ಟುಕೊಂಡಿರುವವರಿಗೆ ಇದರ ಬೆಲೆ ತಿಳಿದಿದೆ.

ಬಾಕಿ ವಸೂಲಿ

2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮೇಲಿನ ಉದಾಹರಣೆಯ 90 ದಿನಗಳ ವಾಡಿಕೆಯೇ ಕಾನೂನಿಗೆ ವಿರುದ್ಧವೆಂದಾಯಿತು. ಆದರೂ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಮುಂದಿನ ಆರ್ಡರನ್ನು ಕಳೆದುಕೊಳ್ಳಲು ಯಾರೂ ಮುಂದಾಗುವುದಿಲ್ಲ. ಆದುದರಿಂದಲೇ 2023ರ ಹಣಕಾಸು ಕಾಯಿದೆಯು ತಂದ 43ಬಿ(ಎಚ್) ಕಲಮು ಗಮನಾರ್ಹ: ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು ಗಿರಾಕಿ ಕಂಪನಿ ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ತನ್ನ ಖರ್ಚೆಂದು ತೋರಿಸಬಹುದು. ದೂರು ಕೊಡದೆಯೇ ಗಿರಾಕಿಯ ಲೆಕ್ಕಪರಿಶೋಧಕರು ವಿಚಾರಿಸುವಂತೆ ಇದು ಮಾಡಿತು. ಇದಲ್ಲದೆ ಟ್ರೆಡ್ಸ್ ವೇದಿಕೆಗಳಲ್ಲಿ ಗಿರಾಕಿ ಒಪ್ಪಿದ ಬಿಲ್ಲನ್ನು ಬ್ಯಾಂಕುಗಳಿಗೆ ವಟಾಯಿಸಿ ಮೊದಲೇ ಹಣ ಪಡೆಯಬಹುದು. ಸಾಲದ ಹೊಣೆ ಆಗ ಗಿರಾಕಿಯ ಮೇಲೆ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಅದರಲ್ಲಿ ನೋಂದಾಯಿಸಿಕೊಳ್ಳಬೇಕೆಂದು 2024ರ ನವೆಂಬರಿನಲ್ಲಿ ಆದೇಶವಾಗಿದೆ. ಇವೆರಡಕ್ಕೂ ಉದ್ಯಮ್ ನೋಂದಣಿ ಇರಬೇಕು, ಮತ್ತು ಆ ಸಂಖ್ಯೆ ಬಿಲ್ಲಿನ ಮೇಲೆ ಅಚ್ಚಾಗಿರುವುದು ಒಳಿತು.

ಬಿಡಿಭಾಗ ಮಾರುವ ವ್ಯಾಪಾರಿಗಳು ಮಾತ್ರ ಒಂದು ವಿಷಯವನ್ನು ತಿಳಿದಿರಬೇಕು. ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ 2021ರ ಜುಲೈನಿಂದ ಉದ್ಯಮ್ ನೋಂದಣಿ ದೊರೆಯುತ್ತಿದ್ದರೂ ಅದು ಆದ್ಯತಾ ವಲಯದ ಸಾಲಕ್ಕೆ ಸೀಮಿತವಾದುದು. ವಿಳಂಬ ಪಾವತಿಯ ರಕ್ಷಣೆ ಅವರಿಗೆ ಅನ್ವಯಿಸುವುದಿಲ್ಲ. ತಯಾರಿಕೆ ಮತ್ತು ಮಾರಾಟ ಎರಡನ್ನೂ ಒಂದೇ ಹೆಸರಿನಲ್ಲಿ ನಡೆಸುತ್ತಿರುವ ಸದಸ್ಯರು ತಮ್ಮ ಬಿಲ್ಲುಗಳಲ್ಲಿ ಯಾವುದು ಸ್ವಂತ ತಯಾರಿಕೆಯ ಸರಕು, ಯಾವುದು ಕೊಂಡು ಮಾರಿದ್ದು ಎಂಬುದನ್ನು ಪ್ರತ್ಯೇಕವಾಗಿ ತೋರಿಸುವ ಬಗ್ಗೆ ತಮ್ಮ ಲೆಕ್ಕಪರಿಶೋಧಕರೊಡನೆ ಈ ವರ್ಷಾಂತ್ಯದೊಳಗೆ ಸಮಾಲೋಚಿಸುವುದು ಸೂಕ್ತ.